ಬ್ಯಾಸ್ ಮೀನಿಗೆ ಬೇಟ್‌ಕಾಸ್ಟರ್ ಕೊಳ್ಳುವಿರಾ? ಮೊದಲು ಬ್ರೇಕ್ ನೋಡಿ

ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಬ್ಯಾಸ್ ಮೀನಿನ ಹುಚ್ಚು ಹತ್ತಿಸಿಕೊಂಡವರು ಜಾಸ್ತಿಯಾಗುತ್ತಿದ್ದಾರೆ. ಶನಿವಾರ ಬಂತೆಂದರೆ ಗಾಡಿ ಲೇಕ್ ಫೋರ್ಕ್ ಕೆರೆಯ ಕಡೆ ಹೊರಡುತ್ತದೆ. ಟೆಕ್ಸಸ್ ರಾಜ್ಯದ ದಾಖಲೆಯ ಬ್ಯಾಸ್, 18.18 ಪೌಂಡ್ ತೂಕದ್ದು, 1992ರಲ್ಲಿ ಸಿಕ್ಕಿದ್ದು ಅಲ್ಲೇ. ಆಸೆ ಸಹಜ. ಆದರೆ ದಡದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ: ಹೊಸ ಬೇಟ್‌ಕಾಸ್ಟರ್ ರೀಲ್ (ಗಾಳದ ದಾರ ಸುತ್ತುವ ಒಂದು ಬಗೆಯ ರಾಟೆ), ಮೊದಲ ಎಸೆತ, ಸ್ಪೂಲ್ ಅಂದರೆ ದಾರದ ಉರುಳೆಯ ತುಂಬ ಸಿಕ್ಕುಗಟ್ಟಿದ ದಾರ. ಅದನ್ನು ಬಿಡಿಸುವಷ್ಟರಲ್ಲಿ ಬಿಸಿಲೇರಿರುತ್ತದೆ. ಎಷ್ಟೋ ಜನ ಅಲ್ಲಿಗೇ ಬೇಸತ್ತು ಹಳೆಯ ಸ್ಪಿನ್ನಿಂಗ್ ರೀಲ್ ಹಿಡಿಯುತ್ತಾರೆ. ಅಂಗಡಿಯಲ್ಲಿ ಅವರು ಬೇರಿಂಗ್ ಎಷ್ಟು, ಸ್ಪೀಡ್ ಎಷ್ಟು ಎಂದೆಲ್ಲ ಕೇಳಿರುತ್ತಾರೆ. ಬ್ರೇಕ್ ಹೇಗಿದೆ ಎಂದು ಮಾತ್ರ ಕೇಳಿರುವುದಿಲ್ಲ.

1. ಹಿಡಿಕೆ ಯಾವ ಕಡೆ?
ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ಬಿಚ್ಚಿ ಇನ್ನೊಂದು ಬದಿಗೆ ಹಾಕಬಹುದು. ಬೇಟ್‌ಕಾಸ್ಟರಿನಲ್ಲಿ ಅದು ಆಗದು, ಕೊಳ್ಳುವಾಗಲೇ ತೀರ್ಮಾನಿಸಬೇಕು. ನೀವು ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತಿ ರೂಢಿಯಿದ್ದರೆ ಎಡ ಹಿಡಿಕೆಯದ್ದನ್ನೇ ಕೊಳ್ಳಿ.

2. ಗೇರ್
7.1:1 ಎಂದರೆ ಹಿಡಿಕೆ ಒಂದು ಸುತ್ತು ತಿರುಗಿದಾಗ ಸ್ಪೂಲ್ ಏಳು ಸುತ್ತಿಗಿಂತ ಚೂರು ಹೆಚ್ಚು ತಿರುಗುತ್ತದೆ. ಮೊದಲ ರೀಲಿಗೆ 7ರ ಆಸುಪಾಸು ಸಾಕು. ನೀರಿನಾಳಕ್ಕೆ ಇಳಿಯುವ ದೊಡ್ಡ ಕ್ರ್ಯಾಂಕ್‌ಬೇಟ್ (ಮೀನಿನಾಕಾರದ ಕೃತಕ ಎರೆ) ಎಳೆಯಲು 5 ಅಥವಾ 6 ಹಿತ, ಕೈ ಸೋಲುವುದಿಲ್ಲ. ಜೊಂಡಿನ ನಡುವಿನಿಂದ ಮೀನನ್ನು ಬೇಗ ಹೊರಗೆಳೆಯಲು 8 ಬೇಕಾಗುತ್ತದೆ. ಅವೆರಡೂ ಎರಡನೆಯ, ಮೂರನೆಯ ರೀಲಿನ ಮಾತು.

3. ಬ್ರೇಕ್
ಇಲ್ಲಿ ನಿಧಾನವಾಗಿ ಓದಿ.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ಕದಲುವುದಿಲ್ಲ, ದಾರ ಅದರ ಅಂಚಿನಿಂದ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟರಿನಲ್ಲಿ ಸ್ಪೂಲೇ ಗಿರ್ರನೆ ತಿರುಗುತ್ತದೆ. ಎಸೆದ ಕ್ಷಣ ಎರೆಯ ತೂಕ ಸ್ಪೂಲಿಗೆ ವೇಗ ಕೊಡುತ್ತದೆ. ಎರೆ ಗಾಳಿಯಲ್ಲಿ ಹೋಗುತ್ತಾ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಹೊರಗೆ ಹೋಗಲು ಜಾಗವಿಲ್ಲದ ದಾರ ಅಲ್ಲೇ ಉಬ್ಬಿ ಸಿಕ್ಕಾಗುತ್ತದೆ. ಎದುರುಗಾಳಿ ಇದ್ದರಂತೂ ಕೇಳಲೇಬೇಡಿ.

ಇದನ್ನು ತಡೆಯಲು ಮೂರು ಬಗೆಯ ಬ್ರೇಕ್ ಇವೆ. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲ್ ವೇಗವಾಗಿ ತಿರುಗಿದಾಗ ಪುಟ್ಟ ತುಂಡುಗಳು ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಹಾಗಾಗಿ ವೇಗ ಹೆಚ್ಚಿರುವ ಆರಂಭದಲ್ಲಿ ಬಿಗಿ ಹಿಡಿದು, ಆಮೇಲೆ ಸಡಿಲ ಬಿಡುತ್ತದೆ. ಶಿಮಾನೊ ಕಂಪನಿಯ ಬಹಳಷ್ಟು ರೀಲುಗಳು ಈ ಬಗೆಯವು. ಡೈವಾ ಕಂಪನಿಯವರದು ಹೆಚ್ಚಾಗಿ ಮ್ಯಾಗ್ನೆಟಿಕ್. ಅಯಸ್ಕಾಂತದ ಪಕ್ಕ ಅಲ್ಯುಮಿನಿಯಂ ಸ್ಪೂಲ್ ತಿರುಗಿದಾಗ ಅದರೊಳಗೆ ವಿದ್ಯುತ್ ಸುಳಿ ಹುಟ್ಟುತ್ತದೆ. ಆ ಸುಳಿಯ ತಡೆಯಿಂದ, ಯಾವುದೂ ಯಾವುದಕ್ಕೂ ತಾಗದೆ ವೇಗ ತಗ್ಗುತ್ತದೆ. ಮೂರನೆಯದು ಶಿಮಾನೊದ ಡಿಸಿ. ಒಳಗಿನ ಪುಟ್ಟ ಚಿಪ್ ಸ್ಪೂಲಿನ ವೇಗ ನೋಡಿಕೊಂಡು ತಾನೇ ಬ್ರೇಕ್ ಹಾಕುತ್ತದೆ. ಚೆನ್ನಾಗಿದೆ, ಆದರೆ ಕಲಿಯುವವರಿಗೆ ಅಷ್ಟು ದುಡ್ಡು ಬೇಡ.

ಹೊಸಬರಿಗೆ ನನ್ನ ಸಲಹೆ ಮ್ಯಾಗ್ನೆಟಿಕ್, ಅದೂ ಹೊರಗಡೆಯೇ ತಿರುಪು ಇರುವಂಥದ್ದು. ಗಾಳಿ ಬದಲಾದಾಗ, ಎರೆ ಬದಲಿಸಿದಾಗ ಬೆರಳಲ್ಲೇ ಸರಿ ಮಾಡಿಕೊಳ್ಳಬಹುದು. ಕೆಲವು ಸೆಂಟ್ರಿಫ್ಯೂಗಲ್ ರೀಲುಗಳಲ್ಲಿ ಪ್ರತಿ ಸಲ ಪಕ್ಕದ ಮುಚ್ಚಳ ತೆಗೆಯಬೇಕು. ದೋಣಿಯಲ್ಲಿ ಕೂತು ಆ ಕೆಲಸ ಮಾಡುವುದು ಕಷ್ಟ, ಮುಚ್ಚಳ ನೀರಿಗೆ ಬಿದ್ದರೆ ಕತೆ ಮುಗಿಯಿತು. ಗಾಳದ ಕಡ್ಡಿ, ರೀಲ್, ದಾರ ಎಲ್ಲ ಸೇರಿಸಿ 50 ಡಾಲರಿಗೆ ಕೊಡುವ ಸೆಟ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಅವುಗಳ ತಿರುಪನ್ನು 1ಕ್ಕೆ ಇಟ್ಟರೂ 10ಕ್ಕೆ ಇಟ್ಟರೂ ಹೆಚ್ಚು ವ್ಯತ್ಯಾಸವೇ ಕಾಣುವುದಿಲ್ಲ. 100ರಿಂದ 150 ಡಾಲರಿನ ರೀಲ್ ವರ್ಷಗಟ್ಟಲೆ ಬಾಳುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ತಿರುಪನ್ನು ಪೂರ್ತಿ ಕಡಿಮೆ ಮಾಡಿ, ಸ್ಪೂಲನ್ನು ಸಡಿಲ ಬಿಡುವ ಹೆಬ್ಬೆರಳ ಗುಂಡಿ ಒತ್ತಿ, ಅದನ್ನು ಬೆರಳಿಂದ ತಿರುಗಿಸಿ ಬಿಡಿ. ನಂತರ ಪೂರ್ತಿ ಹೆಚ್ಚಿಸಿ ಅಷ್ಟೇ ಜೋರಾಗಿ ತಿರುಗಿಸಿ. ಮ್ಯಾಗ್ನೆಟಿಕ್ ಆದರೆ ಸ್ಪೂಲ್ ಈಗ ಎದ್ದು ಕಾಣುವಷ್ಟು ಬೇಗ ನಿಲ್ಲಬೇಕು.

ಮನೆಗೆ ತಂದ ಮೇಲೆ ಹೊಂದಿಸುವುದು ಹೀಗೆ. ಹಿಡಿಕೆಯ ಪಕ್ಕ ಚಿಕ್ಕ ಮುಚ್ಚಳದಂಥ ತಿರುಪು ಇರುತ್ತದೆ, ಅದು ಸ್ಪೂಲ್ ಟೆನ್ಶನ್. ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕ ಕಟ್ಟಿ, ಕಡ್ಡಿ ಅಡ್ಡಲಾಗಿ ಹಿಡಿದು ಗುಂಡಿ ಒತ್ತಿ. ತೂಕ ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲಬೇಕು. ಅಷ್ಟು ಬಿಗಿ ಸಾಕು. ಬ್ರೇಕನ್ನು ಪೂರ್ತಿ ಏರಿಸಿ, ಹಿತ್ತಲಿನ ಹುಲ್ಲಿನ ಮೇಲೆ ಎಸೆಯಿರಿ. ಸಿಕ್ಕಾಗದಿದ್ದರೆ ಒಂದೊಂದೇ ಅಂಕಿ ಇಳಿಸುತ್ತಾ ಬನ್ನಿ. ದೂರ ಹೋಗಲಿಲ್ಲ ಎಂದು ಮೊದಲ ದಿನವೇ ಬ್ರೇಕ್ ಇಳಿಸುವವರೇ ದಾರ ಕತ್ತರಿಸುವವರು. ಯಾವ ಬ್ರೇಕ್ ಇದ್ದರೂ ಎರೆ ನೀರು ಮುಟ್ಟುವ ಮುಂಚೆ ಹೆಬ್ಬೆರಳಿಂದ ಸ್ಪೂಲ್ ಒತ್ತಲೇಬೇಕು. ಎರೆಯ ತೂಕ ಬದಲಾದರೆ ಇದೆಲ್ಲ ಮತ್ತೊಮ್ಮೆ ಮಾಡಬೇಕು. ಕಾಲು ಔನ್ಸಿಗಿಂತ ಹಗುರವಾದದ್ದನ್ನು ಸ್ಪಿನ್ನಿಂಗ್ ರೀಲಿಗೇ ಬಿಡಿ.

ಒಂದು ಒಳದಾರಿ ಹೇಳಿಬಿಡುತ್ತೇನೆ. ನಿಮ್ಮ ಉದ್ದನೆಯ ಎಸೆತದಷ್ಟು ದಾರ ಹೊರಗೆಳೆದು, ಉಳಿದದ್ದರ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಮತ್ತೆ ಸುತ್ತಿಕೊಳ್ಳಿ. ಸಿಕ್ಕು ಆದರೂ ಟೇಪಿನ ಕೆಳಗೆ ಇಳಿಯುವುದಿಲ್ಲ. ಆದ ಸಿಕ್ಕನ್ನು ಉಗುರಿನಿಂದ ಕೆದಕಬೇಡಿ. ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕೆಂದು ಹೊಂದಿಸುವ ಭಾಗ) ಬಿಗಿ ಮಾಡಿ, ಸ್ಪೂಲನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿಕೆಯನ್ನು ಒಂದೆರಡು ಸುತ್ತು ತಿರುಗಿಸಿ. ಆಮೇಲೆ ದಾರ ಎಳೆದರೆ ಎಷ್ಟೋ ಸಲ ಸಲೀಸಾಗಿ ಬಂದುಬಿಡುತ್ತದೆ.

4. ಬೇರಿಂಗ್, ತೂಕ, ಡ್ರ್ಯಾಗ್
ಡಬ್ಬಿಯ ಮೇಲಿನ "10+1" ನೋಡಿ ಮರುಳಾಗಬೇಡಿ. ಆ ಒಂದು, ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಅಷ್ಟೇ. ಒಳ್ಳೆಯ ಐದು ಬೇರಿಂಗ್, ಕಳಪೆ ಹತ್ತಕ್ಕಿಂತ ಮೇಲು. ರೀಲ್ 200 ಗ್ರಾಂ ಆಸುಪಾಸಿನಲ್ಲಿದ್ದರೆ ದಿನವಿಡೀ ಎಸೆದರೂ ಮಣಿಕಟ್ಟು ನೋಯುವುದಿಲ್ಲ. ಡ್ರ್ಯಾಗ್ 10 ಪೌಂಡ್ ಇದ್ದರೆ ಸದ್ಯಕ್ಕೆ ಧಾರಾಳ.

5. ದಾರ
ಕಲಿಯುವಾಗ 12 ಅಥವಾ 14 ಪೌಂಡಿನ ನೈಲಾನ್ ಮಾನೊ, ಅಂದರೆ ಒಂದೇ ಎಳೆಯ ದಾರ. ಅಗ್ಗ, ಮೆತ್ತಗೆ, ಸಿಕ್ಕಾದರೂ ಬಿಡಿಸಬಹುದು. ಫ್ಲೂರೊಕಾರ್ಬನ್ ದಾರ ಸಿಕ್ಕಿನಲ್ಲಿ ಮಡಿಚಿದ ಕಡೆ ಬಲ ಕಳೆದುಕೊಂಡು, ದೊಡ್ಡ ಮೀನು ಬಿದ್ದಾಗಲೇ ತುಂಡಾಗುತ್ತದೆ. ಮುಂದೆ ಬ್ರೇಡ್ (ಹೆಣೆದ ದಾರ) ಹಾಕುವುದಾದರೆ ಅಡಿಯಲ್ಲಿ ಸ್ವಲ್ಪ ಮಾನೊ ಸುತ್ತಿರಬೇಕು, ಇಲ್ಲದಿದ್ದರೆ ಇಡೀ ದಾರ ಸ್ಪೂಲಿನ ಮೇಲೆ ಜಾರುತ್ತದೆ. ಯಾವುದೇ ದಾರವಾದರೂ ಅಂಚಿನವರೆಗೆ ತುಂಬಬೇಡಿ, ಸುಮಾರು 3 ಮಿಲಿಮೀಟರ್ ಜಾಗ ಬಿಡಿ.