ಗಾಜಿನ ಮೇಲೆ ಅಲುಗದ ಚುಕ್ಕಿ

ವಿಮಾನ ಹಾರಿಸುವುದನ್ನು ಕಲಿಯಲು ಹೋದಾಗ ನನಗೆ 41 ವರ್ಷ. ಕೈಕಾಲು ಪಳಗಿಸುವ ಕೆಲಸ ಇದು ಅಂದುಕೊಂಡು ಹೋದೆ. ನಿಜಕ್ಕೂ ಪಳಗಬೇಕಾಗಿದ್ದು ಕಣ್ಣು.

ಮೊದಲ ಪಾಠ ಸೆಸ್ನಾ 152ರಲ್ಲಿ. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುವಷ್ಟು ಪುಟ್ಟ ವಿಮಾನ. ಮೇಲೇರಿ ಸಮವಾದ ಮೇಲೆ ಇನ್‌ಸ್ಟ್ರಕ್ಟರ್ ಯೋಕನ್ನು, ಅಂದರೆ ವಿಮಾನದ ಸ್ಟಿಯರಿಂಗನ್ನು, ನನ್ನ ಕೈಗೆ ಬಿಟ್ಟರು. ನಾನು ಎತ್ತರ ತೋರಿಸುವ ಮುಳ್ಳಿಗೇ ಕಣ್ಣು ನೆಟ್ಟೆ. ಅದು ಐವತ್ತು ಅಡಿ ಇಳಿದರೆ ಎಳೆಯುವುದು, ಏರಿದರೆ ಒತ್ತುವುದು; ಬೆನ್ನೆಲ್ಲ ಬೆವರು. ಅವರು ತೊಡೆಯ ಮೇಲಿದ್ದ ಹಾಳೆಯನ್ನು ತೆಗೆದು ಮೀಟರುಗಳಿಗೆ ಅಡ್ಡ ಹಿಡಿದರು. "ಹೊರಗೆ ನೋಡಿ. ವಿಮಾನದ ಮೂಗಿಗೂ ದಿಗಂತಕ್ಕೂ ಎಷ್ಟು ಬೆರಳು ಅಂತರ ಇದೆ? ಅಷ್ಟೇ ಇರಲಿ, ಸಾಕು." ನಾಲ್ಕು ಬೆರಳಿತ್ತು. ಆ ನಾಲ್ಕು ಬೆರಳನ್ನು ಕಾಯುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹಾಳೆ ಸರಿಸಿದರೆ ಮುಳ್ಳು ಇದ್ದಲ್ಲೇ ಇತ್ತು.

ಟ್ರಿಮ್ ಚಕ್ರದ ಬೆಲೆ ಗೊತ್ತಾಗಿದ್ದೂ ಅವತ್ತೇ. ಮೂಗು ಬೇಕಾದಲ್ಲಿ ನಿಂತ ಮೇಲೆ, ಕೈಗೆ ಬರುವ ಒತ್ತಡ ಪೂರ್ತಿ ಇಲ್ಲವಾಗುವ ತನಕ ಚಕ್ರವನ್ನು ತಿರುಗಿಸಬೇಕು. ಆಮೇಲೆ ಎರಡು ಬೆರಳಲ್ಲಿ ಹಿಡಿದರೂ ವಿಮಾನ ನೆಟ್ಟಗೆ ಹೋಗುತ್ತದೆ. ಮುಷ್ಟಿ ಬಿಗಿಹಿಡಿದು ಹಾರಿಸುವವರಿಗೆ ವಿಮಾನ ಏನು ಹೇಳುತ್ತಿದೆ ಎಂಬುದು ತಿಳಿಯುವುದೇ ಇಲ್ಲ.

ಸ್ಟಾಲ್ ಬಗ್ಗೆ ನನಗಿದ್ದ ಭಯ ಎರಡೇ ಪಾಠದಲ್ಲಿ ಹೋಯಿತು. ಅದು ಇಂಜಿನ್ ನಿಂತುಹೋಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಇಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ರೆಕ್ಕೆ ಎದುರಿನ ಗಾಳಿಗೆ ಸುಮಾರು 15–16 ಡಿಗ್ರಿಗಿಂತ ಹೆಚ್ಚು ಕೋನದಲ್ಲಿ ಒಡ್ಡಿಕೊಂಡಾಗ ಗಾಳಿ ಅದರ ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ, ವಿಮಾನವನ್ನು ಎತ್ತಿಹಿಡಿಯುವ ಬಲ ಕುಸಿಯುತ್ತದೆ; ಅದೇ ಸ್ಟಾಲ್. ಯೋಕ್ ಮುಂದೆ ಬಿಟ್ಟರೆ ರೆಕ್ಕೆ ಮತ್ತೆ ಗಾಳಿಯನ್ನು ಹಿಡಿಯುತ್ತದೆ.

ಹಾರುವ ಮುನ್ನ ಎಲ್ಲ ಸರಿಯಿದೆಯೇ ಎಂದು ನೋಡುತ್ತಾ ವಿಮಾನದ ಸುತ್ತ ಬರುವ ಒಂದು ಸುತ್ತನ್ನು ನಾನು ಹೊರೆ ಅಂತ ಎಂದೂ ಭಾವಿಸಿಲ್ಲ. ರಾತ್ರಿಯಿಡೀ ಮಳೆ ಸುರಿದ ಒಂದು ಮುಂಜಾನೆ ರೆಕ್ಕೆಯೊಳಗಿನ ಟ್ಯಾಂಕಿನಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಇಳಿಸಿಕೊಂಡೆ. ಅದರ ಬಣ್ಣ ತಿಳಿ ನೀಲಿ. ಬೆಳಕಿಗೆ ಹಿಡಿದಾಗ ತಳದಲ್ಲಿ ಬಣ್ಣವಿಲ್ಲದ ಒಂದು ಗುಂಡು, ಸಾಸಿವೆಕಾಳಿಗಿಂತ ತುಸು ದೊಡ್ಡದು, ಅಲ್ಲಾಡಿಸಿದರೆ ಉರುಳುತ್ತಿತ್ತು. ನೀರು. ಇಂಧನಕ್ಕಿಂತ ಭಾರವಾದ್ದರಿಂದ ಅದು ಅಡಿಗೆ ಇಳಿಯುತ್ತದೆ. ಗುಂಡು ಕಾಣದಾಗುವ ತನಕ ಐದು ಸಲ ಇಳಿಸಿ ನೋಡಿದೆ. ಆ ಗುಂಡು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನನ್ನು ಬಹಳ ಕಾಡಿದ್ದು ಲ್ಯಾಂಡಿಂಗ್. ಆರು ವಾರ, ಸುತ್ತಿನ ಮೇಲೆ ಸುತ್ತು, ಒಂದೋ ಚಕ್ರ ನೆಲಕ್ಕೆ ಬಡಿದು ಪುಟಿಯುವುದು, ಇಲ್ಲವೇ ಆಳೆತ್ತರದಲ್ಲೇ ಮೂಗೆತ್ತಿ ದೊಪ್ಪನೆ ಕೂರುವುದು. ಬಿಟ್ಟುಬಿಡೋಣ ಅನ್ನಿಸಿದ ದಿನಗಳೂ ಇದ್ದವು. ತಪ್ಪು ಎರಡು ಕಡೆ ಇತ್ತು, ಎರಡೂ ಕಣ್ಣಿನವೇ.

ಮೊದಲನೆಯದು ಇಳಿದು ಬರುವ ದಾರಿಯಲ್ಲಿ. ರನ್‌ವೇಯ ತುದಿಯಲ್ಲಿ ಬರೆದಿರುವ ಅಂಕಿಯನ್ನು ಗುರಿ ಮಾಡಿಕೊಂಡು 60 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 111 ಕಿಲೋಮೀಟರಿನಲ್ಲಿ, ಬರುತ್ತಿರುತ್ತೇವೆ. ಆ ಅಂಕಿ ಮುಂದಿನ ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನಾವು ಅಲ್ಲಿಗೆ ಮುಟ್ಟುವುದಿಲ್ಲ. ಕೆಳಕ್ಕೆ ಜಾರುತ್ತಿದ್ದರೆ ದಾಟಿಹೋಗುತ್ತೇವೆ. ಗಾಜಿನಲ್ಲಿ ಯಾವ ಚುಕ್ಕಿ ಅಲುಗದೆ ನಿಂತು ಬರೀ ದೊಡ್ಡದಾಗುತ್ತಿದೆಯೋ ವಿಮಾನ ಹೋಗಿ ಮುಟ್ಟುವುದು ಅಲ್ಲಿಗೇ. ಇದು ತಲೆಗೆ ಹತ್ತಿದ ಮೇಲೆ ಮೀಟರನ್ನು ನೋಡಿ ಲೆಕ್ಕ ಹಾಕುವ ತೊಳಲಾಟ ತಪ್ಪಿತು.

ಎರಡನೆಯದು ನೆಲ ಹತ್ತಿರವಾದಾಗ. ನಾನು ಮೂಗಿನ ಮುಂದಿನ ಡಾಂಬರನ್ನೇ ನೋಡುತ್ತಿದ್ದೆ. ಅದು ಕಣ್ಣ ಮುಂದೆ ಹರಿದುಹೋಗುವ ರಭಸಕ್ಕೆ ಎತ್ತರದ ಅಂದಾಜೇ ಸಿಗುತ್ತಿರಲಿಲ್ಲ. "ಈಗ ಅಂಕಿ ಬಿಡಿ, ರನ್‌ವೇಯ ಆ ತುದಿ ನೋಡಿ" ಅಂದರು ಇನ್‌ಸ್ಟ್ರಕ್ಟರ್. ನೋಡಿದೆ. ರನ್‌ವೇಯ ಎರಡು ಅಂಚುಗಳು ಕಣ್ಣಿನ ಇಕ್ಕೆಲದಲ್ಲಿ ನಿಧಾನವಾಗಿ ಅಗಲವಾದವು, ಮೇಲೆದ್ದು ಬಂದವು, ಭುಜದ ಮಟ್ಟಕ್ಕೆ ಬಂದಂತಾಯಿತು. ಇಂಜಿನ್ ಶಕ್ತಿ ಏರಿಳಿಸುವ ಥ್ರಾಟಲ್ ಪೂರ್ತಿ ಹಿಂದೆ. ಇಳಿಯಗೊಡದ ಹಾಗೆ ಯೋಕನ್ನು ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ಎಳೆಯುತ್ತಾ ಹೋದೆ. ಸ್ಟಾಲ್ ಹತ್ತಿರವಾಯಿತೆಂದು ಎಚ್ಚರಿಸುವ ಪೀಪಿ ಸಣ್ಣಗೆ ಊದಿತು, ಹಿಂದಿನ ಚಕ್ರಗಳು ಚೀಂಯ್ ಅಂದವು. ಇನ್‌ಸ್ಟ್ರಕ್ಟರ್ ಏನೂ ಮಾತಾಡಲಿಲ್ಲ. ನನ್ನ ಕಣ್ಣಲ್ಲಿ ನೀರಿತ್ತು.

ಮುಂದಿನ ವಾರ ಅವರು ವಿಮಾನದಿಂದ ಇಳಿದು, "ಮೂರು ಸುತ್ತು ಹಾಕಿ ಬನ್ನಿ" ಎಂದು ಬಾಗಿಲು ಹಾಕಿದರು. ಒಬ್ಬರ ಭಾರ ಕಡಿಮೆಯಾದ ವಿಮಾನ ಚಂಗನೆ ಮೇಲೇರಿತು. ಇಳಿಯುವಾಗ ಎಂದಿಗಿಂತ ಹೆಚ್ಚು ಹೊತ್ತು ತೇಲಿತು. ಪಕ್ಕದ ಸೀಟನ್ನು ಒಮ್ಮೆಯೂ ನೋಡಲಿಲ್ಲ.

ಖಾಸಗಿ ಪೈಲಟ್ ಲೈಸೆನ್ಸಿಗೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 40 ಗಂಟೆಯ ಹಾರಾಟ ಬೇಕು. ಅದರಲ್ಲಿ 10 ಗಂಟೆ ಒಬ್ಬರೇ ಹಾರಿರಬೇಕು, ಬೇರೆ ಎರಡು ಕಡೆ ಇಳಿದು ಬರುವ 270 ಕಿಲೋಮೀಟರಿನ ಒಂದು ಯಾನವೂ ಸೇರಿರಬೇಕು. ನನಗೆ 63 ಗಂಟೆ ಹಿಡಿಯಿತು. ಕಲಿಯಲು ಹೊರಟವರು ಈ 40ನ್ನು ನಂಬಿ ಹಣ, ಸಮಯ ಹೊಂದಿಸಬೇಡಿ. ವಾರಕ್ಕೆರಡು ಪಾಠ ತಪ್ಪದೆ ನಡೆಯುವಷ್ಟು ಕೂಡಿಟ್ಟ ಮೇಲೆ ಶುರುಮಾಡಿ. ತಿಂಗಳುಗಟ್ಟಲೆ ಬಿಟ್ಟು ಬಂದರೆ ಕಲಿತದ್ದನ್ನೇ ಮತ್ತೆ ಕಲಿಯಬೇಕಾಗುತ್ತದೆ.

ಆ ಉದ್ದದ ಯಾನದಲ್ಲೇ ಅಲುಗದ ಚುಕ್ಕಿಯ ಪಾಠ ಇನ್ನೊಂದು ರೂಪದಲ್ಲಿ ಎದುರಾಯಿತು. ಆಕಾಶವನ್ನು ಒಮ್ಮೆಲೇ ಸವರಿ ನೋಡಿದರೆ ಕಣ್ಣಿಗೆ ಏನೂ ಬೀಳುವುದಿಲ್ಲ. ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಒಂದು ಕ್ಷಣ ಕಣ್ಣು ನಿಲ್ಲಿಸಬೇಕು. ಹಾಗೆ ನೋಡುವಾಗ ಗಾಜಿನ ಎಡಭಾಗದಲ್ಲಿ ಒಂದು ಕಪ್ಪು ಚುಕ್ಕಿ. ಕೀಟ ಬಡಿದ ಕಲೆ ಅಂದುಕೊಂಡೆ. ತಲೆಯನ್ನು ಪಕ್ಕಕ್ಕೆ ಸರಿಸಿದೆ. ಕಲೆಯಾಗಿದ್ದರೆ ಅದು ಹಿಂದಿನ ಮೋಡದ ಮೇಲೆ ಜಾಗ ಬದಲಿಸಬೇಕಿತ್ತು. ಬದಲಿಸಲಿಲ್ಲ. ತಲೆ ಮೊದಲಿನ ಜಾಗಕ್ಕೆ ತಂದೆ, ಚುಕ್ಕಿಯೂ ಗಾಜಿನ ಅದೇ ಜಾಗದಲ್ಲಿತ್ತು. ಕೆಲವೇ ಕ್ಷಣದಲ್ಲಿ ಅದಕ್ಕೆ ರೆಕ್ಕೆ ಮೂಡಿತು. ಎದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕೆಂಬ ನಿಯಮವಿದೆ. ಬಲಕ್ಕೆ ವಾಲಿಸಿದೆ. ಚುಕ್ಕಿ ಆಗ ಗಾಜಿನ ಮೇಲೆ ಎಡಕ್ಕೆ ಜಾರತೊಡಗಿತು. ಅದು ಜಾರಿದ್ದನ್ನು ಕಂಡೇ ನಾನು ಉಸಿರು ಬಿಟ್ಟದ್ದು.

ಲೈಸೆನ್ಸ್ ಬಂದು ಈಗ ಆರು ವರ್ಷ. ತಿಂಗಳಿಗೆ ಎರಡು ಸಲ ಹಾರುತ್ತೇನೆ, ಹೆಚ್ಚಾಗಿ ಸಂಜೆ, ನೆಲದ ಕಾವು ಇಳಿದು ಗಾಳಿ ಕುಲುಕಾಟ ನಿಲ್ಲಿಸಿದ ಮೇಲೆ. ಪ್ರತಿ ಸಲ ಒಂದು ಕೆಲಸ ಇಟ್ಟುಕೊಂಡು ಹೋಗುತ್ತೇನೆ: ಒಂದು ದಿನ ಅಡ್ಡಗಾಳಿಯ ಲ್ಯಾಂಡಿಂಗ್, ಇನ್ನೊಂದು ದಿನ ಇಂಜಿನ್ ಶಕ್ತಿ ಇಳಿಸಿ ತೇಲುತ್ತಾ ಬರುವುದು. ಮುಗಿಸಿ ಬಂದು ಇಂಜಿನ್ ನಿಲ್ಲಿಸಿದರೂ ಮೀಟರುಗಳ ಹಿಂದೆ ರಭಸದಿಂದ ತಿರುಗುವ ಪುಟ್ಟ ಚಕ್ರಗಳಾದ ಜೈರೋಗಳು ತಕ್ಷಣ ನಿಲ್ಲುವುದಿಲ್ಲ, ಸಣ್ಣಗೆ ಗುಂಯ್‌ಗುಡುತ್ತಾ ಇರುತ್ತವೆ. ಲಾಗ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಆ ಸದ್ದು ಅಡಗುವಷ್ಟರಲ್ಲಿ ಅವತ್ತಿನ ಸಾಲು ಬರೆದು ಮುಗಿಸುತ್ತೇನೆ.