ಸಹಿ ಯಾರದು? ಮುಂಬಯಿಯಲ್ಲಿ ಆಸ್ಪತ್ರೆ ನಾಟಕ ಕಟ್ಟಿದ ನನ್ನ ಅನುಭವ

ಆಸ್ಪತ್ರೆಯಲ್ಲಿ ಬಾಯಿಮಾತಿಗೆ ಬೆಲೆ ಕಡಿಮೆ. ಕೇಸ್ ಪೇಪರಿನಲ್ಲಿ ಏನು ಬರೆದಿದೆ, ಕೆಳಗೆ ಯಾರ ಸಹಿ ಇದೆ ಎಂಬುದರ ಮೇಲೆ ರೋಗಿಯ ನಾಳೆ ನಿಂತಿರುತ್ತದೆ. ಮುಂಬಯಿಯ ಒಂದು ಮುನಿಸಿಪಾಲ್ಟಿ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿ, ಐಸಿಯುವಿನ ಇನ್‌ಚಾರ್ಜ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆದುಕೊಡಿ ಎಂದು ಹುಡುಗರು ಕೇಳಿದಾಗ ನನ್ನ ಕೈಗೆ ಸಿಕ್ಕಿದ್ದು ಈ ಎಳೆ.

ಟಿವಿಯಲ್ಲಿ ಬರುವ ಆಸ್ಪತ್ರೆ ಕಥೆಗಳಲ್ಲಿ ಮಾನಿಟರಿನ ಗೆರೆ ನೇರವಾದ ಕೂಡಲೇ ಡಾಕ್ಟರು ಓಡಿಬಂದು ಎದೆಗೆ ಶಾಕ್ ಕೊಡುತ್ತಾರೆ. ನಿಜದಲ್ಲಿ ಗೆರೆ ಪೂರ್ತಿ ನೇರವಾದ ಹೃದಯಕ್ಕೆ ಶಾಕ್ ಕೊಡುವುದಿಲ್ಲ. ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು. ಲಯ ತಪ್ಪಿ ಬರೀ ಅದುರುತ್ತಿರುವ ಹೃದಯಕ್ಕೆ ಶಾಕ್. ಇದನ್ನು ನಾನು ಹಟ ಹಿಡಿದು ಹೇಳಿದ್ದಕ್ಕೆ ಕಾರಣವಿದೆ. ನೋಡುವವರಲ್ಲಿ ಯಾರೋ ಒಬ್ಬರು ನಾಳೆ ಐಸಿಯುವಿನ ಹೊರಗೆ ನಿಂತು, "ಶಾಕ್ ಯಾಕೆ ಕೊಡಲಿಲ್ಲ?" ಎಂದು ಹೌಸ್‌ಮನ್ ಹುಡುಗನ, ಅಂದರೆ ವಾರ್ಡಿನ ಕಿರಿಯ ಡಾಕ್ಟರನ, ಕಾಲರ್ ಹಿಡಿಯುತ್ತಾರೆ. ಅಂಥ ಜಗಳಗಳನ್ನು ನಾನು ಬಿಡಿಸಿದ್ದೇನೆ.

ಬರೆಯಲು ಕೂತಾಗ ಪಾತ್ರಗಳಿಗೆ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಹಾಳೆಯ ಒಂದು ಬದಿಯಲ್ಲಿ ಯಾರಿಗೆ ಏನು ಗೊತ್ತು ಎಂದು ಬರೆದೆ, ಇನ್ನೊಂದು ಬದಿಯಲ್ಲಿ ಯಾರಿಗೆ ಏನು ಬರೆಯುವ ಅಧಿಕಾರವಿದೆ ಎಂದು. ಯುನಿಟ್ ಹೆಡ್, ಅಂದರೆ ಆ ವಿಭಾಗದ ದೊಡ್ಡ ಡಾಕ್ಟರು, ಎರಡು ಮಾತು ಹೇಳಿ ಮುಂದೆ ಹೋಗುತ್ತಾರೆ. ಆ ಎರಡು ಮಾತೇ ಆರ್ಡರ್. ರಾತ್ರಿಯಿಡೀ ಹಾಸಿಗೆಯ ಬಳಿ ನಿಂತ ರಿಜಿಸ್ಟ್ರಾರ್ ಡಾಕ್ಟರಿಗೆ ಎಲ್ಲ ಗೊತ್ತು, ಆದರೆ ಅವನ ಎಂಡಿ ಪ್ರಬಂಧಕ್ಕೆ ಗೈಡ್ ಆಗಿ ಸಹಿ ಹಾಕಬೇಕಾದವರು ಅದೇ ಯುನಿಟ್ ಹೆಡ್. ಸಿಸ್ಟರಿಗೆ ರೋಗಿಯ ಮನಸ್ಸು ಗೊತ್ತು, ಅವಳು ಬರೆಯುವುದು ನರ್ಸಿಂಗ್ ನೋಟ್ಸ್ ಮಾತ್ರ. ಮೈ ಒರೆಸಿ ಮಗ್ಗಲು ಬದಲಿಸುವ ಆಯಾ, ನಮ್ಮ ಮಾವಶಿಗೆ ಬೆನ್ನ ಹುಣ್ಣು ಎಲ್ಲರಿಗಿಂತ ಮೊದಲು ಕಾಣುತ್ತದೆ, ಬರೆಯಲು ಅವಳಿಗೆ ಯಾವ ಕಾಗದವೂ ಇಲ್ಲ. ಎರಡು ಬದಿ ಎಲ್ಲೆಲ್ಲಿ ಹೊಂದಲಿಲ್ಲವೋ ಅಲ್ಲಲ್ಲಿ ಒಂದೊಂದು ದೃಶ್ಯ ಹುಟ್ಟಿತು. ಧರ್ಮಸಂಕಟವನ್ನು ಒಂದು ಕಡೆ, ಮೇಲು ಕೀಳಿನ ಗುದ್ದಾಟವನ್ನು ಇನ್ನೊಂದು ಕಡೆ ಇಟ್ಟು ಆಸ್ಪತ್ರೆಯ ನಾಟಕ ಬರೆಯಲು ಬರುವುದಿಲ್ಲ. ವಾರ್ಡಿನಲ್ಲಿ ಅವೆರಡೂ ಒಂದೇ ಹಾಸಿಗೆಯ ಎರಡು ಮಗ್ಗಲು.

ಕಥೆ ಇಷ್ಟು. ಕುಂದಾಪುರ ಕಡೆಯ ಒಬ್ಬ ಹಿರಿಯರು, ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲುಗಳ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಶ್ವಾಸಕೋಶ ಹಾಳಾಗಿ ಐಸಿಯುವಿಗೆ ಬರುತ್ತಾರೆ, ಮುಖಕ್ಕೆ ಉಸಿರು ತಳ್ಳುವ ಬೈಪ್ಯಾಪ್ ಮಾಸ್ಕ್. ಡಾಕ್ಟರುಗಳೆಲ್ಲ ಮರಾಠಿ, ಹಿಂದಿ ಮಾತಾಡುವವರು. ಇವರಿಗೆ ಹಿಂದಿ ಬರುತ್ತದೆ, ಆದರೆ ಉಸಿರು ಕಟ್ಟಿದಾಗ ಬಾಯಿಗೆ ಬರುವುದು ಊರ ಮಾತು. ಅವರು ಮಾಸ್ಕ್ ಸರಿಸಿ ಸಿಸ್ಟರಿಗೆ ಹೇಳುತ್ತಾರೆ: "ನಂಗೆ ಗಂಟ್ಲಿಗೆ ಪೈಪ್ ಹಾಕುದೆಲ್ಲ ಬ್ಯಾಡ ಅಕ್ಕಾ. ಊರಿಗ್ ಹೋಯ್ಕ್." ಸಿಸ್ಟರ್ ಅದನ್ನು ನೋಟ್ಸಿನಲ್ಲಿ ದಿನಾಂಕ, ಗಂಟೆ ಹಾಕಿ ಬರೆಯುತ್ತಾಳೆ, ಹೌಸ್‌ಮನ್‌ಗೂ ಹೇಳುತ್ತಾಳೆ. ಆ ಪುಟವನ್ನು ಯಾರೂ ತೆರೆದು ನೋಡುವುದಿಲ್ಲ. ನಡುರಾತ್ರಿ ಹೃದಯ ನಿಲ್ಲುತ್ತದೆ, ಡ್ಯೂಟಿಯಲ್ಲಿದ್ದವರು ಮಾಡಬೇಕಾದ್ದನ್ನೇ ಮಾಡುತ್ತಾರೆ, ಹೃದಯ ಮತ್ತೆ ಬಡಿಯುತ್ತದೆ. ಅಷ್ಟರಲ್ಲಿ ಮಿದುಳಿಗೆ ಆಮ್ಲಜನಕ ತಪ್ಪಿ ಹೋಗಿದೆ. ವೆಂಟಿಲೇಟರ್ ಮೇಲೆ ದಿನಗಳು ಉರುಳುತ್ತವೆ. ಮುಂಬಯಿ ಪಕ್ಕದ ಠಾಣೆ ನಗರದಲ್ಲಿರುವ ಮಗ ಬಂದು ಕೈಮುಗಿಯುತ್ತಾನೆ: "ಅಪ್ಪಯ್ಯನಿಗೆ ಇದು ಬೇಡವಾಗಿತ್ತು ಸರ್, ಬಿಟ್ಟುಬಿಡಿ." ಯುನಿಟ್ ಹೆಡ್ ಒಪ್ಪುವುದಿಲ್ಲ. ಕೋರ್ಟು ಕಚೇರಿ ಎಂದರೆ ಅವರಿಗೆ ಭಯ, ಪ್ರಮೋಷನ್ ಹತ್ತಿರದಲ್ಲಿದೆ.

ಮಗ ಮತ್ತೆ ಮತ್ತೆ ಕೇಳುತ್ತಾನೆ. ಉತ್ತರ ಒಂದೇ. ಹೀಗಿರುವಾಗ ಒಂದು ಬೆಳಗ್ಗೆ ಮೇಲಿನಿಂದ ಫೋನ್ ಬರುತ್ತದೆ: ಪ್ರಭಾವಿಯೊಬ್ಬರ ಬಂಧುವಿಗೆ ಐಸಿಯು ಬೆಡ್ ಬೇಕು. ಅದೇ ಯುನಿಟ್ ಹೆಡ್ ಮುದುಕರ ಯಂತ್ರ ತೆಗೆಯಬಹುದೇ ಎಂದು ಹೇಳುವ ವೈದ್ಯರ ಬೋರ್ಡನ್ನು ಸಂಜೆಯೊಳಗೆ ಸೇರಿಸಲು ಹೊರಡುತ್ತಾರೆ.

ನಾಟಕದ ಜೀವ ಇಲ್ಲಿದೆ. ಮಗ ಬೇಡಿಕೊಂಡದ್ದೇ ಈಗ ಆಗುತ್ತಿದೆ, ಮುದುಕರು ಬಯಸಿದ್ದೂ ಅದನ್ನೇ. ಆದರೆ ಆಗುತ್ತಿರುವುದು ಕೆಟ್ಟ ಕಾರಣಕ್ಕೆ. ಸಿಸ್ಟರ್ ಬಾಯಿ ತೆರೆದು ತಡೆದರೆ ಆ ಜೀವ ಇನ್ನಷ್ಟು ದಿನ ನಳಿಗೆಗಳ ನಡುವೆ ನವೆಯುತ್ತದೆ. ಸುಮ್ಮನಿದ್ದರೆ, ನಾಳೆ ಮನೆಯವರು ಹೀಗೆ ಕೇಳಿಕೊಳ್ಳದ ರೋಗಿಯ ಹಾಸಿಗೆಗೂ ಇಂಥದೇ ಫೋನ್ ಬರಬಹುದು. ರಿಹರ್ಸಲ್‌ಗಳಲ್ಲಿ ನಮ್ಮ ತಂಡ ಇದರ ಮೇಲೆ ಎರಡು ಪಂಗಡವಾಯಿತು. ಬ್ಯಾಂಕಿನಲ್ಲಿ ಆಫೀಸರ್ ಆಗಿರುವ ನಮ್ಮ ನಟಿ, ಸಿಸ್ಟರ್ ಪಾತ್ರ ಮಾಡಿದವಳು, "ಅಕ್ಕಾ, ನಾನಾದರೆ ಸುಮ್ಮನಿರುತ್ತೇನೆ" ಎಂದಳು. ಅವಳ ಆ ಪ್ರಾಮಾಣಿಕತೆ ನನಗೆ ಬಹಳ ಬೇಕಾಗಿತ್ತು. ಅವಳ ಮಾತನ್ನು ಹಾಗೆಯೇ ಇನ್ನೊಬ್ಬ ಸ್ಟಾಫ್ ನರ್ಸ್ ಪಾತ್ರದ ಬಾಯಿಗೆ ಹಾಕಿದೆ.

ಕಾನೂನಿನ ಭಾಗವನ್ನು ನಾನು ಕೂದಲೆಳೆಯಷ್ಟೂ ಆಚೀಚೆ ಮಾಡಲಿಲ್ಲ. ಜನ ಎರಡು ಸಂಗತಿಗಳನ್ನು ಕಲಸಿಬಿಡುತ್ತಾರೆ. ಬ್ರೇನ್ ಡೆತ್ ಎನ್ನುವ ಮಿದುಳು ಕಾಂಡದ ಸಾವು ಬೇರೆ. ಅದು 1994ರ ಅಂಗಾಂಗ ಕಸಿ ಕಾಯ್ದೆಯ ಕೆಳಗೆ ಬರುತ್ತದೆ, ನಾಲ್ವರು ವೈದ್ಯರು ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ನಮ್ಮ ಹಿರಿಯರಿಗೆ ಆಗಿರುವುದು ಅದಲ್ಲ. ಅವರದೇ ಉಸಿರು ಅಲ್ಪಸ್ವಲ್ಪ ಇದೆ. ಇವರಿಗೆ ಅನ್ವಯಿಸುವುದು, ಗುಣವಾಗದ ರೋಗಿಯಿಂದ ಯಂತ್ರ ತೆಗೆಯುವ ಬಗ್ಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪು, ಮತ್ತು ಅದನ್ನು ಸರಳಗೊಳಿಸಿದ 2023ರ ಜನವರಿ 24ರ ಆದೇಶ. ಅದರಂತೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರೂ ಸೇರಿದ ಮೊದಲ ಬೋರ್ಡ್. ಆಮೇಲೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರೂ ಸೇರಿದ ಎರಡನೇ ಬೋರ್ಡ್. ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಯಂತ್ರ ತೆಗೆಯುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟನ್ನೂ ಭಾಷಣವಾಗಿಸದೆ ಹೇಗೆ ಹೇಳುವುದು? ಹೌಸ್‌ಮನ್ ಹುಡುಗ ಕಾರಿಡಾರಿನಲ್ಲಿ ವಡಾಪಾವ್ ತಿನ್ನುತ್ತ ಮಗನಿಗೆ ವಿವರಿಸುವಂತೆ ಬರೆದೆ. ಮಗ ಪ್ರಶ್ನೆ ಕೇಳುತ್ತಾನೆ, ಇವನು ಅರ್ಧ ನಿದ್ದೆಯಲ್ಲಿ ಉತ್ತರಿಸುತ್ತಾನೆ. ಹಿಂದಿನ ಬೆಳಗ್ಗೆಯಿಂದ ಅವನು ಮನೆ ನೋಡಿಲ್ಲ. ಇಂಥ ರೆಸಿಡೆಂಟ್ ಡಾಕ್ಟರುಗಳಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 12 ಗಂಟೆ ಮೀರಿದ ಡ್ಯೂಟಿ ಹಾಕಬಾರದೆಂದು 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಹೇಳುತ್ತದೆ. ಆ ಹುಡುಗರ ಕಣ್ಣು ನೋಡಿದವರಿಗೆ ಆ ಕಾಗದದ ಗತಿ ಏನಾಗಿದೆಯೆಂದು ಗೊತ್ತಾಗುತ್ತದೆ.

ನಮ್ಮ ಕರಾವಳಿಯ ನರ್ಸುಗಳ ಪಾಲಿಗೆ ಈ ತೀರ್ಪುಗಳ ಹಿಂದೆ ಒಂದು ಹೆಸರಿದೆ. ಅರುಣಾ ಶಾನಭಾಗ, ಹೊನ್ನಾವರ ಬಳಿಯ ಹಳದಿಪುರದ ಹುಡುಗಿ, ಪರೇಲಿನ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ಹಲ್ಲೆ ನಡೆಯಿತು, ಮಿದುಳಿಗೆ ಹಾನಿಯಾಗಿ ಅವರು ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲಿನ ಸಿಸ್ಟರುಗಳು ಒಬ್ಬರ ನಂತರ ಒಬ್ಬರಂತೆ ಅವರನ್ನು ನೋಡಿಕೊಂಡರು. ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಆರೈಕೆ ಮಾಡಿದ ಕೆಇಎಂ ಸಿಬ್ಬಂದಿಯದು ಎಂದಿತು. ಚಿಕಿತ್ಸೆ ನಿಲ್ಲಿಸಿ ಸಾಯಲು ಬಿಡುವ ನಿಷ್ಕ್ರಿಯ ದಯಾಮರಣಕ್ಕೆ ದೇಶದಲ್ಲಿ ಮೊದಲು ದಾರಿ ತೆರೆದದ್ದೂ ಅದೇ ತೀರ್ಪು. ದೇಶದ ಅತಿ ದೊಡ್ಡ ನ್ಯಾಯಾಲಯ ಮೈ ಒರೆಸಿದವರ ಮಾತಿಗೆ ತೂಕ ಕೊಟ್ಟಿತಲ್ಲ, ಅದು ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ. ಅರುಣಾ ಅವರ ಬದುಕನ್ನು ನಾನು ರಂಗಕ್ಕೆ ತರಲಿಲ್ಲ. ಆ ನೋವು ನಾಟಕಕ್ಕೆ ಸರಕಾಗಬಾರದು. ಆ ಒಂದು ಪ್ರಶ್ನೆಯನ್ನು ಮಾತ್ರ ತೆಗೆದುಕೊಂಡೆ: ರೋಗಿಯ ಪರವಾಗಿ ಮಾತಾಡುವ ಹಕ್ಕು ಯಾರಿಗೆ?

ರಂಗದ ಮೇಲೆ ಅಧಿಕಾರ ತೋರಿಸುವುದು ಹೇಗೆ ಎಂದು ಹೇಳಿಕೊಡಲು ನನಗೆ ಹೆಚ್ಚು ಶ್ರಮವಾಗಲಿಲ್ಲ. ರೌಂಡ್ ಹೋಗುವ ಸಾಲನ್ನು ಕಲಿಸಿದೆ, ಅಷ್ಟೆ. ಮುಂದೆ ಯುನಿಟ್ ಹೆಡ್, ಅರ್ಧ ಹೆಜ್ಜೆ ಹಿಂದೆ ಲೆಕ್ಚರರ್, ಕೇಸ್ ಹೇಳುವ ರಿಜಿಸ್ಟ್ರಾರ್, ಫೈಲು ಹಿಡಿದ ಹೌಸ್‌ಮನ್, ಟ್ರಾಲಿಯ ಜೊತೆ ಸಿಸ್ಟರ್. ಸಾಲು ಬರುವಾಗ ಮಾವಶಿ ಬಕೆಟ್ ಎತ್ತಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಾಳೆ. ಯುನಿಟ್ ಹೆಡ್ ಪಾತ್ರಕ್ಕೆ ಬಂದವರು ಮಾಟುಂಗಾದಲ್ಲಿ ಹೋಟೆಲ್ ನಡೆಸುವವರು. ಮೊದಲ ದಿನ ಗುಡುಗಿದರು. "ಶೆಟ್ರೇ, ನಿಮ್ಮ ಹೋಟೆಲಿನಲ್ಲಿ ಮ್ಯಾನೇಜರ್ ಕೂಗುತ್ತಾನೋ, ನೀವು ಕೂಗುತ್ತೀರೋ?" ಎಂದು ಕೇಳಿದೆ. ಮರುದಿನದಿಂದ ದನಿ ಇಳಿಯಿತು. ರಿಜಿಸ್ಟ್ರಾರ್ ಮಾತಿನ ನಡುವೆ ಅವರು ಕನ್ನಡಕ ತೆಗೆದು ಒರೆಸುತ್ತಾರೆ, ಹುಡುಗನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಅವರೇ ಕಂಡುಕೊಂಡದ್ದು.

ಸದ್ದಿನ ವಿಷಯ ಹೇಳಲೇಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಸದ್ದು ಮಾನಿಟರಿನಲ್ಲಿ ಒಂದೇ ಸ್ವರದಲ್ಲಿ ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಸ್ವರವೂ ಇಳಿಯುತ್ತದೆ. ಬೆನ್ನು ತಿರುಗಿಸಿ ಔಷಧಿ ತುಂಬುತ್ತಿದ್ದರೂ ನಮ್ಮ ಕಿವಿ ಅದನ್ನು ಹಿಡಿಯುತ್ತದೆ. ಭಜನಾ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಹುಡುಗನನ್ನು ಕೂರಿಸಿ, ಸಂಭಾಷಣೆಯ ಅಡಿಯಲ್ಲಿ ಆ ಸ್ವರವನ್ನು ನಿಧಾನವಾಗಿ ಇಳಿಸುವಂತೆ ಮಾಡಿದೆವು. ಸಭೆಯಲ್ಲಿದ್ದವರಿಗೆ ಕಾರಣ ತಿಳಿಯದಿದ್ದರೂ ಮೈ ಬಿಗಿಹಿಡಿದು ಕೂತಿದ್ದರು.

ಎರಡನೇ ಅಂಕದಲ್ಲಿ ರಂಗದ ಎಡತುದಿಗೆ ಇನ್ನೊಂದು ಹಾಸಿಗೆ. ಮಳೆಗಾಲದ ಲೆಪ್ಟೊ, ಅಂದರೆ ಇಲಿಜ್ವರ, ಶ್ವಾಸಕೋಶದಲ್ಲಿ ರಕ್ತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲಿನ ವಾರಗಳನ್ನು ಕಂಡ ಯಾವ ಸಿಸ್ಟರೂ ಈ ರೋಗವನ್ನು ಮರೆಯುವುದಿಲ್ಲ. ವೆಂಟಿಲೇಟರ್ ಸಿಗುವವರೆಗೆ ರೋಗಿಯ ತಮ್ಮ ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತುತ್ತಿರುತ್ತಾನೆ, ಐದಾರು ಸೆಕೆಂಡಿಗೆ ಒಂದು ಸಲ. ಮಧ್ಯದಲ್ಲಿ ಎಷ್ಟೇ ದೊಡ್ಡ ಜಗಳ ನಡೆಯಲಿ, ಆ ಕೈ ನಿಲ್ಲಬಾರದು ಎಂಬುದೊಂದೇ ನಾನು ಆ ನಟನಿಗೆ ಕೊಟ್ಟ ಸೂಚನೆ.

ಈ ಹಾಸಿಗೆಯ ಬಗ್ಗೆ ತಂಡಕ್ಕೂ ನನಗೂ ನಿಜವಾದ ತಿಕ್ಕಾಟ ನಡೆಯಿತು. ಮುದುಕರ ವೆಂಟಿಲೇಟರ್ ತೆಗೆದು ಈ ತರುಣನಿಗೆ ಕೊಟ್ಟರೆ ಕಥೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಎಂದು ಎಲ್ಲರೂ ಹೇಳಿದರು. ಜನ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ನಾನು ಒಪ್ಪಲಿಲ್ಲ. ಒಬ್ಬರಿಂದ ಯಂತ್ರ ತೆಗೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಆ ರೋಗಿಯ ಹಿತದಲ್ಲಿ, ಆ ರೋಗಿಯ ಇಚ್ಛೆಯಲ್ಲಿ ಇರಬೇಕು. ಇನ್ನೊಬ್ಬರಿಗೆ ಬೇಕಾಗಿದೆ ಎಂಬುದು ಆ ಪ್ರಶ್ನೆಯೊಳಗೆ ಕಾಲಿಡಬಾರದು, ಆ ಇನ್ನೊಬ್ಬರು ಎಷ್ಟೇ ಎಳೆಯವರಾಗಿರಲಿ. ಬಡ ತರುಣನಿಗಾಗಿ ಇವತ್ತು ಸರಿ ಎಂದರೆ ಪ್ರಭಾವಿಯ ಬಂಧುವಿಗಾಗಿ ನಾಳೆ ತಪ್ಪು ಎನ್ನುವುದು ಹೇಗೆ? ಆದ್ದರಿಂದ ಬೋರ್ಡ್ ಸೇರುವ ಮೊದಲೇ ಬೇರೆ ವಾರ್ಡಿನಿಂದ ತರುಣನಿಗೆ ಯಂತ್ರ ಬರುವಂತೆ ಬರೆದೆ. ನೋಡುವವರು ಒಂದು ಜೀವದ ಎದುರು ಇನ್ನೊಂದನ್ನಿಟ್ಟು ತೂಗುವ ಅವಕಾಶವೇ ಇಲ್ಲದಾಯಿತು. ಫೋನ್ ಕರೆ ಒಂದೇ ಬೆತ್ತಲಾಗಿ ಉಳಿಯಿತು.

ಸಿಸ್ಟರ್ ಏನು ಮಾಡುತ್ತಾಳೆ? ಅವಳು ಯಾರೊಡನೆಯೂ ವಾದಿಸುವುದಿಲ್ಲ. ತನ್ನ ನೋಟ್ಸಿನಲ್ಲಿ ಬರೆಯುತ್ತಾಳೆ: ರೋಗಿ ನಳಿಗೆ ಬೇಡವೆಂದ ದಿನ, ಗಂಟೆ. ಮಗ ಮೊದಲು ಕೇಳಿಕೊಂಡ ದಿನ, ಗಂಟೆ. ಬೆಡ್‌ಗಾಗಿ ಫೋನ್ ಬಂದ ಗಂಟೆ. ಬೋರ್ಡ್ ಕರೆಯಲು ಹೇಳಿದ ಗಂಟೆ. ವಿಶೇಷಣ ಒಂದೂ ಇಲ್ಲ. ಎರಡನೇ ಬೋರ್ಡಿಗೆ ಹೊರಗಿನಿಂದ ಬಂದ ವೈದ್ಯೆ ಎಲ್ಲ ಕಾಗದಗಳನ್ನೂ ಕೇಳುತ್ತಾರೆ, ನರ್ಸಿಂಗ್ ನೋಟ್ಸ್ ಸೇರಿ. ಓದಿ, ಯುನಿಟ್ ಹೆಡ್ ಕಡೆ ನೋಡಿ, "ಮಗ ಕೇಳಿದ್ದು ಅಂದು, ನೀವು ಕರೆದದ್ದು ಇಂದು?" ಎನ್ನುತ್ತಾರೆ. ಬೋರ್ಡ್ ಒಪ್ಪಿಗೆ ಕೊಡುತ್ತದೆ. ರೋಗಿಯೇ ಬಾಯಿಬಿಟ್ಟು ಹೇಳಿದ ಮಾತು ದಾಖಲೆಯಲ್ಲಿದೆ ಎಂಬುದನ್ನು ಕಾರಣವಾಗಿ ಬರೆಯುತ್ತದೆ. ಫೋನಿನ ವಿಷಯ ಡೀನ್ ಕಚೇರಿಗೆ ಹೋಗುತ್ತದೆ. ಸಿಸ್ಟರಿಗೆ ಮುಂದಿನ ತಿಂಗಳು ಬೇರೆ ವಾರ್ಡಿಗೆ ವರ್ಗ. ಆ ವರ್ಗಾವಣೆಯನ್ನು ತೆಗೆಯಿರಿ, ಮನಸ್ಸಿಗೆ ಕಷ್ಟವಾಗುತ್ತದೆ ಎಂದು ಕೆಲವರು ಕೇಳಿಕೊಂಡರು. ಬರೆದವರಿಗೆ ಬೆಲೆ ತೆರಬೇಕಾಗಿ ಬರುತ್ತದೆ, ಅದನ್ನು ಮುಚ್ಚಿಟ್ಟರೆ ನನ್ನ ಸಹೋದ್ಯೋಗಿಗಳಿಗೆ ಮೋಸ ಮಾಡಿದಂತೆ. ಉಳಿಸಿಕೊಂಡೆ.

ಪ್ರದರ್ಶನ ಮುಗಿದ ಮೇಲೆ ಹಿರಿಯರು ಗ್ರೀನ್‌ರೂಮಿಗೇ ಬಂದರು. ಬಹುಪಾಲು ಎಲ್ಲರ ಪ್ರಶ್ನೆಯೂ ಒಂದೇ: ನಮ್ಮ ಇಷ್ಟವನ್ನು ನಾವೇ ಈಗಲೇ ಬರೆದಿಡಬಹುದಾ? ಬರೆದಿಡಬಹುದು. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆಗಲಿ ಲಿವಿಂಗ್ ವಿಲ್ ಮಾಡಿಡಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ತಮ್ಮ ಪರವಾಗಿ ಯಾರು ಮಾತಾಡಬೇಕೆಂಬ ಹೆಸರನ್ನೂ ಅದರಲ್ಲಿ ಬರೆಯಬೇಕು. ಒಂದು ಪ್ರತಿ ಮನೆಯವರ ಕೈಯಲ್ಲಿ, ಒಂದು ನಿಮ್ಮ ಡಾಕ್ಟರ ಕೈಯಲ್ಲಿ ಇರಲಿ. ಮುಂದಿನ ಪ್ರದರ್ಶನ ಪುಣೆಯಲ್ಲಿ. ಅಲ್ಲಿಯ ಸಂಘದವರಿಗೆ ನಾಟಕದ ನಂತರ ಒಂದು ಗಂಟೆ ಸಭಾಂಗಣ ಬಿಟ್ಟುಕೊಡಿ, ಕನ್ನಡ ಬಲ್ಲ ಒಬ್ಬ ನೋಟರಿ ವಕೀಲರನ್ನು ಕರೆಸಿ ಎಂದು ಹೇಳಿದ್ದೇನೆ. ಮೇಜು, ಕುರ್ಚಿ, ಪೆನ್ನು ಅವರೇ ಇಡುತ್ತಾರಂತೆ.