ಪದ ಯಾಕೆ ಜಾಗ ಬಿಟ್ಟಿತು? ಕನ್ನಡ ವಾಕ್ಯದಲ್ಲಿ ಕಂಡುಹಿಡಿಯೋದು ಹೇಗೆ

ಕನ್ನಡದಲ್ಲಿ ಪದಗಳನ್ನು ಹೆಂಗೆ ಬೇಕಾದರೂ ಇಡಬಹುದು, ಅರ್ಥ ಬದಲಾಗಲ್ಲ. ದಾವಣಗೆರೆಯಲ್ಲಿ ಕನ್ನಡ ಎಂ.ಎ. ಓದುವವರ ನೋಟ್ಸಿನಲ್ಲಿ ಈ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕೆಳಗೊಂದು ಗೆರೆ ಬೇರೆ. ಅರ್ಧ ನಿಜ. ಉಳಿದರ್ಧ ಸೋಮಾರಿತನ.

"ಮಂಜು ಬೆಣ್ಣೆ ದೋಸೆಯನ್ನು ತಿಂದ." ಮೂರು ತುಂಡು, ಆರು ರೀತಿ ಜೋಡಿಸಬಹುದು. ಆರೂ ಕನ್ನಡವೇ. ಆರರಲ್ಲೂ ತಿಂದವನು ಮಂಜುನೇ, ಯಾಕಂದರೆ "ಅನ್ನು" ಅನ್ನೋ ಪ್ರತ್ಯಯ ದೋಸೆಗೆ ಅಂಟಿಕೊಂಡಿದೆ. ಆದರೆ ಆರೂ ಒಂದೇ ಪ್ರಶ್ನೆಗೆ ಉತ್ತರವಾಗಲ್ಲ. ಹಾಗಾಗಿ ವಾಕ್ಯ ಸಿಕ್ಕಾಗ "ಇದು ಸರಿನಾ ತಪ್ಪಾ" ಅಂತ ಶುರು ಮಾಡಬೇಡಿ. ಯಾವ ಪದ ತನ್ನ ಜಾಗ ಬಿಟ್ಟಿದೆ, ಎಲ್ಲಿಗೆ ಹೋಗಿ ಕೂತಿದೆ, ಆ ಜಾಗದಲ್ಲಿ ಕೂತಿದ್ದರಿಂದ ಏನು ಸಿಕ್ಕಿತು ಅಂತ ಕೇಳಿ.

ಮೊದಲ ಕೆಲಸ, ಪದದ ಸ್ವಂತ ಜಾಗ ಯಾವುದು ಅಂತ ಗೊತ್ತು ಮಾಡಿಕೊಳ್ಳೋದು. ಇದಕ್ಕೆ ಸುಲಭದ ಉಪಾಯ ಇದೆ. ಹಿಂದೆಮುಂದೆ ಏನೂ ಗೊತ್ತಿಲ್ಲದವರು "ಏನಾಯ್ತು?" ಅಂತ ಕೇಳಿದರು ಅಂದುಕೊಳ್ಳಿ. ಆಗ ಬಾಯಿಗೆ ತಾನಾಗಿ ಬರೋದು "ಮಂಜು ದೋಸೆ ತಿಂದುಬಿಟ್ಟ" ಅನ್ನೋ ಉತ್ತರ. "ದೋಸೆಯನ್ನು ಮಂಜು ತಿಂದುಬಿಟ್ಟ" ಅಂತ ಶುರು ಮಾಡಿದರೆ ಕೇಳಿದವರು "ಯಾವ ದೋಸೆ?" ಅಂತಾರೆ. ಅಂದರೆ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಇದು ನಮ್ಮ ಮೂಲ ಕ್ರಮ.

ಇಲ್ಲೊಂದು ಎಚ್ಚರಿಕೆ. ಎಲ್ಲ ಕ್ರಿಯಾಪದಕ್ಕೂ ಇದೇ ಕ್ರಮ ಅಂದುಕೊಳ್ಳಬೇಡಿ. "ನನಗೆ ಜ್ವರ ಬಂದಿದೆ" ಅನ್ನುವಾಗ "ನನಗೆ" ಎಲ್ಲಿಂದಲೂ ಮುಂದಕ್ಕೆ ಬಂದಿಲ್ಲ, ಅದರ ಮನೆಯೇ ಅಲ್ಲಿ. "ಏನಾಯ್ತು?" ಅಂತ ಕೇಳಿ ನೋಡಿ, ಯಾರೂ "ಜ್ವರ ನನಗೆ ಬಂದಿದೆ" ಅನ್ನಲ್ಲ. "ಕುಂದವಾಡ ಕೆರೆಯಲ್ಲಿ ನೀರಿದೆ" ಅನ್ನೋದೂ ಹಾಗೇ. ಇಂಥ ವಾಕ್ಯ ಕಂಡ ಕೂಡಲೇ "ಪದ ಮುಂದೆ ಬಂದಿದೆ" ಅಂತ ಬರೆದುಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ಕರ್ಮಕ್ಕೆ ಬನ್ನಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ನಿರ್ಜೀವ ವಸ್ತುವಾದರೆ ಕನ್ನಡದಲ್ಲಿ "ಅನ್ನು" ಬಿಡಬಹುದು, "ಮಂಜು ದೋಸೆ ತಿಂದ" ಅಂದರೆ ಸಾಕು. ಮನುಷ್ಯರಾದರೆ ಬಿಡಕ್ಕಾಗಲ್ಲ, "ಮಂಜು ಹುಡುಗ ಕರೆದ" ಅಂದರೆ ಯಾರಿಗೂ ಏನೂ ತಿಳಿಯಲ್ಲ. ಈಗ ಪ್ರತ್ಯಯ ಇಲ್ಲದ ದೋಸೆಯನ್ನು ಕ್ರಿಯಾಪದದ ಪಕ್ಕದಿಂದ ಎತ್ತಿ ದೂರ ಇಟ್ಟು ನೋಡಿ: "ದೋಸೆ ನಿನ್ನೆ ಮಂಜು ತಿಂದ." ಪೂರ್ತಿ ತಪ್ಪು ಅಂತಲ್ಲ, ಆದರೆ ಕುಂಟುತ್ತದೆ. "ದೋಸೆನ ನಿನ್ನೆ ಮಂಜು ತಿಂದ" ಅಂದ ಕೂಡಲೇ ನೆಟ್ಟಗಾಗುತ್ತದೆ. ಪ್ರತ್ಯಯ ಇಲ್ಲದ ದೋಸೆ "ತಿನ್ನು" ಜೊತೆ ಒಂದೇ ಗಂಟಾಗಿ ಕೂತಿರುತ್ತದೆ, "ದೋಸೆ ತಿನ್ನೋದು" ಅನ್ನೋದೇ ಒಂದು ಕೆಲಸದ ಹೆಸರು. ಗಂಟು ಬಿಚ್ಚಿ ಹೊರಗೆ ಬರಬೇಕಾದರೆ ಅದಕ್ಕೆ ಪ್ರತ್ಯಯ ಬೇಕು, ಜೊತೆಗೆ ಅದು ಯಾವುದೋ ಒಂದು ಗೊತ್ತಿರೋ ದೋಸೆ ಆಗಿರಬೇಕು. ಒಂದೇ ಒಂದು ಸಡಿಲ ಇದೆ: "ದೋಸೆ ಮಂಜು ತಿಂದ, ಮಂಡಕ್ಕಿ ನಾನು ತಿಂದೆ" ಅಂತ ಎರಡನ್ನು ಎದುರುಬದುರು ಇಟ್ಟರೆ ಪ್ರತ್ಯಯ ಇಲ್ಲದಿದ್ದರೂ ಕಿವಿ ಒಪ್ಪುತ್ತದೆ. ಅಲ್ಲಿಗೆ ಮೊದಲ ಕಾರಣ ಸಿಕ್ಕಿತು. ವಾಕ್ಯದ ತಲೆಗೆ ಬರೋ ಪದ ಸಾಮಾನ್ಯವಾಗಿ ಮಾತಾಡೋರಿಗೂ ಕೇಳೋರಿಗೂ ಆಗಲೇ ಗೊತ್ತಿರೋದು, ಮಾತು ಅದರ ಬಗ್ಗೆಯೇ. ಭಾಷಾಶಾಸ್ತ್ರದಲ್ಲಿ ಇದನ್ನು ಟಾಪಿಕ್ ಅಂತಾರೆ.

ಎರಡನೇ ಜಾಗ ಕ್ರಿಯಾಪದಕ್ಕೆ ತಾಗಿದಂತೆ, ಅದಕ್ಕಿಂತ ಸ್ವಲ್ಪ ಮೊದಲೇ ಇದೆ. ಅದನ್ನು ಹುಡುಕೋಕೆ ಪ್ರಶ್ನೆ ಪದ ಬಳಸಿ. "ಬೆಣ್ಣೆ ದೋಸೆಯನ್ನು ಯಾರು ತಿಂದರು?" ಸಲೀಸಾಗಿದೆ. "ಯಾರು ಬೆಣ್ಣೆ ದೋಸೆಯನ್ನು ತಿಂದರು?" ಅಂದರೆ ಅರ್ಥವಾಗುತ್ತದೆ, ಆದರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಓದಿದ ಹಾಗಿರುತ್ತದೆ. ಆದರೆ "ಯಾರು ದೋಸೆ ತಿಂದರು?" ಅಂದಾಗ ಆ ತೊಡಕಿಲ್ಲ! ಯಾಕೆ? ಮೇಲೆ ಹೇಳಿದ ಗಂಟು ನೆನಪಿದೆಯಲ್ವಾ. "ದೋಸೆ ತಿಂದರು" ಪೂರ್ತಿ ಕ್ರಿಯೆಯೇ ಆಗಿಬಿಟ್ಟಿದೆ, ಹಾಗಾಗಿ "ಯಾರು" ಅದಕ್ಕೆ ತಾಗಿಕೊಂಡೇ ಇದೆ. ಹೊಸ ಸಂಗತಿ ಕೂರೋ ಈ ಜಾಗಕ್ಕೆ ಫೋಕಸ್ ಅಂತ ಹೆಸರು. ಮಲಯಾಳಂ ವಾಕ್ಯಗಳನ್ನು ಇಟ್ಟುಕೊಂಡು ಭಾಷಾಶಾಸ್ತ್ರಜ್ಞ ಕೆ.ಎ. ಜಯಶೀಲನ್ ಅವರು 2001ರಲ್ಲಿ ಇಂಥದ್ದೇ ವಾದ ಮಂಡಿಸಿದರು: ಕ್ರಿಯಾಪದದ ಗುಂಪಿನ ಮೇಲೆ ಒಂದು ಫೋಕಸ್ ಸ್ಥಾನ ಇದೆ, ಪ್ರಶ್ನೆ ಪದ ಅಲ್ಲಿಗೆ ಹೋಗುತ್ತದೆ. ನಮ್ಮ ಕನ್ನಡಕ್ಕೂ ಈ ಮಾತು ಚೆನ್ನಾಗಿ ಹೊಂದುತ್ತದೆ.

ಆದರೆ ಇಲ್ಲಿ ಸ್ವಲ್ಪ ನಿಲ್ಲಿ. "ಬೆಣ್ಣೆ ದೋಸೆಯನ್ನು ಯಾರು ತಿಂದರು?" ಅನ್ನೋದರಲ್ಲಿ ಜಾಗ ಬಿಟ್ಟಿದ್ದು ಯಾರು? "ಯಾರು" ಕೆಳಗಿಳಿದು ಕ್ರಿಯಾಪದದ ಹತ್ತಿರ ಬಂತಾ, ಅಥವಾ ಅದು ಇದ್ದಲ್ಲೇ ಇದ್ದು ದೋಸೆ ಎದ್ದು ಮುಂದೆ ಹೋಯಿತಾ? ಸಾಲು ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಒಂದೇ ವಾಕ್ಯ ನೋಡಿ ತೀರ್ಪು ಕೊಡಬೇಡಿ ಅನ್ನೋದು ಇದಕ್ಕೇ. ನಡುವೆ "ನಿನ್ನೆ", "ಬೇಗ", "ಹೋಟೆಲಿನಲ್ಲಿ" ಥರದ ಪದಗಳನ್ನು ಗೂಟದ ಹಾಗೆ ನೆಟ್ಟು, ಯಾವುದು ಗೂಟ ದಾಟಿತು ಅಂತ ನೋಡಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಮೂರನೇ ಜಾಗ ಕ್ರಿಯಾಪದದ ಆಚೆ ಕಡೆ. "ಬಂದ್ನಾ ನಿನ್ನ ತಮ್ಮ?" "ಚೆನ್ನಾಗಿತ್ತು ಕಣೋ ಪಲ್ಯ." ಬರವಣಿಗೆಯಲ್ಲಿ ಕಡಿಮೆ, ಮಾತಿನಲ್ಲಿ ಬೇಕಾದಷ್ಟು. ಈ ಜಾಗದಲ್ಲಿ ಕೂರೋದು ಹಳೇ ಸಂಗತಿ, ದನಿಯೂ ಇಳಿದಿರುತ್ತದೆ. ಪರೀಕ್ಷೆ: "ಯಾರು ತಿಂದಿದ್ದು?" ಅಂತ ಕೇಳಿದವರಿಗೆ "ತಿಂದ ಮಂಜು" ಅಂತ ಉತ್ತರ ಕೊಟ್ಟು ನೋಡಿ. ಆಗಲ್ಲ. ಹೊಸ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಹಂಗಾದರೆ ಹೋಟೆಲಿನಲ್ಲಿ "ಕೊಡ್ರಿ ಎರಡು ಬೆಣ್ಣೆ, ಒಂದು ಖಾಲಿ" ಅಂತೀವಲ್ಲ, ಅದು? ಅಲ್ಲಿ ಎರಡು ಬೆಣ್ಣೆ ಅನ್ನೋದೇ ಹೊಸ ಸಂಗತಿ ಅಲ್ವಾ? ಸರಿಯಾದ ತಕರಾರು. ಕಿವಿಗೊಟ್ಟು ಕೇಳಿ. "ಕೊಡ್ರಿ" ಆದಮೇಲೆ ದನಿ ಮತ್ತೆ ಏರುತ್ತದೆ. "ಬಂದ್ನಾ ನಿನ್ನ ತಮ್ಮ" ಅನ್ನುವಾಗ ಏರಲ್ಲ. ಮೊದಲನೆಯದು ಎರಡು ಮಾತು ಒಟ್ಟಿಗೆ ಬಂದಂತೆ, ಎರಡನೆಯದು ಒಂದೇ ಮಾತು. ಹಾಗಾಗಿ ಉದಾಹರಣೆಗಳನ್ನು ಬರೆದುಕೊಳ್ಳುವಾಗ ದನಿ ಎಲ್ಲಿ ಏರಿತು ಅನ್ನೋದನ್ನೂ ಗುರುತು ಹಾಕಿಕೊಳ್ಳಿ, ಕಾಗದದ ಮೇಲೆ ಅದು ಕಾಣಲ್ಲ.

ಇನ್ನೊಂದು ಮೋಸಗಾರ ವಾಕ್ಯ "ದೋಸೆ ತಿಂದಿದ್ದು ಮಂಜು". ಇದರಲ್ಲಿ ಉತ್ತರ ಕೊನೆಗೇ ಬಂದಿದೆ, "ದೋಸೆ ತಿಂದಿದ್ದು ಯಾರು?" ಅಂತ ಪ್ರಶ್ನೆಯೂ ಸರಾಗ. ಮೇಲಿನ ನಿಯಮ ಮುರಿಯಿತಾ? ಇಲ್ಲ. "ತಿಂದಿದ್ದು" ಇಲ್ಲಿ ನಾಮಪದದ ಕೆಲಸ ಮಾಡುತ್ತಿದೆ. ಗುರುತು ಏನಂದರೆ, ತಿಂದವರು ನಾನಾಗಲಿ ನೀವಾಗಲಿ ಅದು ಬದಲಾಗಲ್ಲ: ತಿಂದಿದ್ದು ನಾನು, ತಿಂದಿದ್ದು ನೀವು, ತಿಂದಿದ್ದು ಅವರು. ನಿಜವಾದ ಕ್ರಿಯಾಪದವಾದರೆ ತಿಂದೆ, ತಿಂದಿರಿ, ತಿಂದರು ಅಂತ ಬದಲಾಗಬೇಕಿತ್ತು. ಇದು ಬೇರೆ ಅಚ್ಚಿನ ವಾಕ್ಯ. ಇದನ್ನು ಪದ ಸರಿದ ಉದಾಹರಣೆಗಳ ಪಟ್ಟಿಗೆ ಸೇರಿಸಬೇಡಿ.

ಈಗ ದೊಡ್ಡ ಅನುಮಾನ. ಪದ ನಿಜವಾಗಿ ಸರಿಯಿತು ಅಂತ ಹೇಗೆ ಗೊತ್ತು? ಮೊದಲಿಂದಲೂ ಅಲ್ಲೇ ಇದ್ದಿರಬಹುದಲ್ಲ? "ತನ್ನ" ಬಳಸಿ ನೋಡಿ. "ಪ್ರತಿಯೊಬ್ಬನೂ ತನ್ನ ಅಂಗಡಿಯನ್ನು ಹೊಗಳುತ್ತಾನೆ." "ತನ್ನ" ಅನ್ನೋದಕ್ಕೆ ವಾಕ್ಯದ ರಚನೆಯಲ್ಲಿ ತನಗಿಂತ ಮೇಲೆ ಒಬ್ಬ ಒಡೆಯ ಬೇಕು, ಅಂದರೆ ಅದು ಯಾರನ್ನು ಸೂಚಿಸುತ್ತದೋ ಅವನು. "ತನ್ನ ಅಮ್ಮ ಮಂಜುವನ್ನು ಬೈದಳು" ಅಂದರೆ "ತನ್ನ" ಅಂದರೆ ಮಂಜುವಿನ ಅನ್ನೋ ಅರ್ಥ ಬರೋದು ಕಷ್ಟ. ಆದರೆ "ತನ್ನ ಅಂಗಡಿಯನ್ನು ಪ್ರತಿಯೊಬ್ಬನೂ ಹೊಗಳುತ್ತಾನೆ" ಅನ್ನಿ, ಒಡೆಯ ಆಮೇಲೆ ಬಂದರೂ ಅರ್ಥ ಗಟ್ಟಿ. ಅಂಗಡಿ ಮುಂದೆ ಕಂಡರೂ ಒಳಗೆ ತನ್ನ ಹಳೇ ಜಾಗದಲ್ಲೇ ಲೆಕ್ಕಕ್ಕೆ ಸಿಗುತ್ತಿದೆ. ಬಿಟ್ಟುಹೋದ ಜಾಗದಲ್ಲಿ ಗುರುತು ಉಳಿಯುತ್ತದೆ ಅಂತ ಮೊದಲು ಅಂದರು, ಈಗಿನವರು ಅಲ್ಲೊಂದು ನಕಲೇ ಉಳಿಯುತ್ತದೆ ಅಂತಾರೆ.

ಇನ್ನೊಂದು ಸಾಕ್ಷಿ ಬೇಲಿಗಳದ್ದು. ಜಾನ್ ರಾಬರ್ಟ್ ರಾಸ್ 1967ರಲ್ಲಿ ಎಂಐಟಿಯಲ್ಲಿ ಬರೆದ ಪ್ರಬಂಧದಲ್ಲಿ, ಪದ ಕೆಲವು ರಚನೆಗಳ ಒಳಗಿಂದ ಹೊರಗೆ ಬರಲ್ಲ ಅಂತ ತೋರಿಸಿದರು, ಅವುಗಳಿಗೆ ದ್ವೀಪ ಅಂತ ಹೆಸರಿಟ್ಟರು. ನೀವೇ ನೋಡಿ. "ತಂಗಿ ಮಂಡಕ್ಕಿಯನ್ನು ಚಿತ್ರದುರ್ಗದಿಂದ ತಂದಳು ಅಂತ ಅಮ್ಮ ಹೇಳಿದಳು." ಇದರಲ್ಲಿ "ಮಂಡಕ್ಕಿಯನ್ನು ಅಮ್ಮ, ತಂಗಿ ಚಿತ್ರದುರ್ಗದಿಂದ ತಂದಳು ಅಂತ ಹೇಳಿದಳು" ಅಂತ ಎಳೆದು ತರಬಹುದು, ಸ್ವಲ್ಪ ಉಸಿರು ಬೇಕು ಅಷ್ಟೇ. ಈಗ "ನಾನು ತಂಗಿ ಚಿತ್ರದುರ್ಗದಿಂದ ತಂದ ಮಂಡಕ್ಕಿ ತಿಂದೆ" ಅನ್ನೋದರಿಂದ ಊರನ್ನು ಹೊರಗೆ ತನ್ನಿ: "ಚಿತ್ರದುರ್ಗದಿಂದ ನಾನು ತಂಗಿ ತಂದ ಮಂಡಕ್ಕಿ ತಿಂದೆ." ನೀವು ಚಿತ್ರದುರ್ಗದಿಂದ ತಿನ್ನುತ್ತಾ ಬಂದ ಹಾಗಾಯಿತು! "ನಾನು ಮಂಡಕ್ಕಿ ಮತ್ತು ಮಿರ್ಚಿ ತಿಂದೆ" ಅನ್ನೋದರಿಂದ ಬರೀ ಮಂಡಕ್ಕಿಯನ್ನು ಮುಂದೆ ತಂದು "ಮಂಡಕ್ಕಿ ನಾನು ಮತ್ತು ಮಿರ್ಚಿ ತಿಂದೆ" ಅಂದರೆ ಮಿರ್ಚಿನೂ ನಿಮ್ಮ ಪಕ್ಕ ಕೂತು ತಿಂದಂತೆ. ಪದಗಳು ಸುಮ್ನೆ ಎಲ್ಲೆಂದರಲ್ಲಿ ಹುಟ್ಟೋದಾಗಿದ್ದರೆ ಈ ಬೇಲಿಗಳು ಯಾಕಿರಬೇಕು?

ಮಜಾ ಏನಂದರೆ, ಪ್ರಶ್ನೆ ಪದ ಬೇಲಿಯೊಳಗೇ ಉಳಿದರೆ ನಮಗೆ ತೊಂದರೆಯಿಲ್ಲ. "ಯಾರು ಮಾಡಿದ ದೋಸೆ ನಿನಗೆ ಇಷ್ಟ?" ಅಂತ ಆರಾಮಾಗಿ ಕೇಳುತ್ತೀವಿ. ಪ್ರಶ್ನೆ ಪದವನ್ನು ಮುಂದಕ್ಕೆ ತರೋ ಇಂಗ್ಲಿಷಿನಲ್ಲಿ ಇದನ್ನು ಹೀಗೆ ನೇರವಾಗಿ ಕೇಳಕ್ಕಾಗಲ್ಲ. ಆದರೆ "ಯಾಕೆ ಮಾಡಿದ ದೋಸೆ ನಿನಗೆ ಇಷ್ಟ?" ಅಂತ ಕೇಳಿ, ಕೂಡಲೇ ಕೆಟ್ಟಿತು. ಚೀನೀ ಭಾಷೆಯಲ್ಲಿ ಇದೇ ವ್ಯತ್ಯಾಸ ಕಂಡ ಜೇಮ್ಸ್ ಹುವಾಂಗ್ 1982ರ ತಮ್ಮ ಪ್ರಬಂಧದಲ್ಲಿ, ಇದ್ದಲ್ಲೇ ಇದ್ದಂತೆ ಕಾಣೋ ಪ್ರಶ್ನೆ ಪದವೂ ಅರ್ಥದ ಮಟ್ಟದಲ್ಲಿ ಸರಿಯುತ್ತದೆ ಅಂದರು. ಕಿವಿಗೆ ಕೇಳದ ಚಲನೆ. ಮೊದಲು ಓದಿದಾಗ ಮಾಟದಂತೆ ಅನಿಸುತ್ತದೆ, ಈ "ಯಾಕೆ" ವಾಕ್ಯ ನೋಡಿದ ಮೇಲೆ ಅಷ್ಟು ವಿಚಿತ್ರ ಅನಿಸಲ್ಲ.

ಸಿದ್ಧಾಂತದವರು "ಯಾಕೆ ಸರಿಯುತ್ತದೆ" ಅನ್ನೋದಕ್ಕೆ ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ 1957ರಲ್ಲಿ ಒಂದೊಂದು ರಚನೆಗೆ ಒಂದೊಂದು ನಿಯಮ ಕೊಟ್ಟರು. 1981ರ ಹೊತ್ತಿಗೆ ಏನು ಬೇಕಾದರೂ ಎಲ್ಲಿಗೆ ಬೇಕಾದರೂ ಸರಿಯಲಿ, ತಪ್ಪಾದದ್ದನ್ನು ಬೇರೆ ನಿಯಮಗಳು ಸೋಸಲಿ ಅಂದರು. 1995ರಲ್ಲಿ ಮತ್ತೆ ಬಿಗಿ ಮಾಡಿ, ರಚನೆಗೆ ಅಗತ್ಯ ಬಿದ್ದರೆ ಮಾತ್ರ ಪದ ಕದಲಬೇಕು ಅಂದರು. ಈ ಕೊನೆಯ ಮಾತು ನಮ್ಮಂಥ ಭಾಷೆಗಳಿಗೆ ತಲೆನೋವು. ಬೇಕಾದರೆ ಸರಿಸಬಹುದು, ಬೇಡವಾದರೆ ಬಿಡಬಹುದು ಅನ್ನೋ ಕಡೆ ಅಗತ್ಯ ಎಲ್ಲಿಂದ ಬಂತು? ಇಟಲಿಯ ಭಾಷಾಶಾಸ್ತ್ರಜ್ಞ ರಿಜ್ಜಿ 1997ರಲ್ಲಿ ವಾಕ್ಯದ ಮುಂಭಾಗದಲ್ಲಿ ಟಾಪಿಕ್‌ಗೆ ಫೋಕಸ್‌ಗೆ ಬೇರೆ ಬೇರೆ ಸ್ಥಾನ ಇವೆ ಅಂದದ್ದರಿಂದ ಒಂದು ದಾರಿ ಸಿಕ್ಕಿತು: ಆ ಸ್ಥಾನ ತುಂಬೋದೇ ಅಗತ್ಯ ಅನ್ನಬಹುದು. ಜಪಾನಿ ಭಾಷೆಯ ಬಗ್ಗೆ ಬರೆದ ಸೈಟೊ, ಕೆಲವು ಸರಿದಾಟ ಅರ್ಥಕ್ಕೆ ಏನನ್ನೂ ಸೇರಿಸಲ್ಲ ಅಂದರು. ಇನ್ನು ಎಲ್‌ಎಫ್‌ಜಿ ಅನ್ನೋ ಬೇರೊಂದು ವ್ಯಾಕರಣ ಸಿದ್ಧಾಂತದವರು ಚಲನೆಯೇ ಇಲ್ಲ, ವಿಭಕ್ತಿಯೇ ಯಾರು ಏನು ಅಂತ ಹೇಳುತ್ತದೆ ಅಂತಾರೆ, ಬೇಲಿಗಳಿಗೂ "ತನ್ನ"ಗೂ ಅವರದೇ ಲೆಕ್ಕ ಇದೆ. ನನ್ನ ಒಲವು ಟಾಪಿಕ್-ಫೋಕಸ್ ಕಡೆಗೆ, ಯಾಕಂದರೆ ಕನ್ನಡದಲ್ಲಿ ಪ್ರಶ್ನೆ ಬದಲಿಸಿದ ಕೂಡಲೇ ಪದಗಳ ಜಾಗವೂ ಬದಲಾಗೋದು ಕಣ್ಣಿಗೇ ಕಾಣುತ್ತದೆ.

ಉದ್ದದ ಕಾರಣವೂ ಒಂದಿದೆ. ಉದ್ದನೆಯ ತುಂಡು ಮುಂದೆ ಹೋಗುತ್ತದೆ. "ಮಂಜು ನಿನ್ನೆ ಸಂತೆಯಲ್ಲಿ ಸಿಕ್ಕಿದ ಆ ಮುದುಕ ಕೊಟ್ಟ ಚೀಲವನ್ನು ತಂದ" ಅನ್ನೋದಕ್ಕಿಂತ ಚೀಲದ ಕಥೆ ಮೊದಲು ಮುಗಿಸಿ, ಆಮೇಲೆ "ಮಂಜು ತಂದ" ಅನ್ನೋದು ಹಗುರ. ಜಪಾನಿ ಮಾತಾಡುವವರಲ್ಲೂ ಉದ್ದದ್ದು ಮೊದಲು ಅನ್ನೋ ಒಲವನ್ನು ಯಮಶಿಟಾ ಮತ್ತು ಚಾಂಗ್ 2001ರಲ್ಲಿ ತೋರಿಸಿದ್ದಾರೆ. ಹಾಗಾಗಿ ಹೋಲಿಸುವಾಗ ತುಂಡುಗಳ ಉದ್ದ ಒಂದೇ ಇಡಿ.

ಜನರನ್ನು ಕೇಳುವಾಗ "ಈ ವಾಕ್ಯ ಸರಿನಾ?" ಅನ್ನಬೇಡಿ, ಕೇಳಿದರೆ "ಹಂಗ್ಯಾಕೆ ಅಂತಾರ್ರಿ" ಅಂತ ನಗುತ್ತಾರೆ. ಮೊದಲು ಸಂದರ್ಭ ಹೇಳಿ, ಪ್ರಶ್ನೆ ಕೇಳಿ, ಆಮೇಲೆ ಎರಡು ಉತ್ತರ ಕೊಟ್ಟು ಯಾವುದು ಬಾಯಿಗೆ ಬರುತ್ತದೆ ಅಂತ ಕೇಳಿ. ಪದ್ಯದ ಸಾಲು, ಪೇಪರಿನ ತಲೆಬರಹ ಎರಡನ್ನೂ ದೂರ ಇಡಿ, ಅಲ್ಲಿ ಪದ ಸರಿಯೋಕೆ ಬೇರೆಯದೇ ಒತ್ತಾಯ ಇರುತ್ತದೆ.

ಶುರು ಮಾಡೋಕೆ ಇದನ್ನು ತಗೊಳ್ಳಿ: "ಬೆಣ್ಣೆ ಜಾಸ್ತಿ ಹಾಕು ಅಂತ ನಿನಗಲ್ವಾ ನಾನು ಹೇಳಿದ್ದು, ಆಗಲೇ?" ಇಲ್ಲಿ "ಹೇಳಿದ್ದು" ಯಾವ ಜಾತಿಯದು ಅಂತ ಮೊದಲು ತೀರ್ಮಾನಿಸಿ, ಆಮೇಲೆ "ಆಗಲೇ" ಎಲ್ಲಿಂದ ಬಂತು ನೋಡಿ.